ಸಿದ್ಧವ್ಯವಸ್ಥೆಯೋ ಸ್ವತಂತ್ರರಚನೆಯೋ: ಊರಿನ ಜಾಲತಾಣಗಳನ್ನು ಕುರಿತು ಒಂದು ವಿಚಾರ

ಸಾಗರ, ಹೊಸನಗರ, ತೀರ್ಥಹಳ್ಳಿ ಎಂಬ ಮೂರು ತಾಲೂಕುಗಳ ಹಳೆಯ ಮನೆಗಳ ಅಟ್ಟಗಳಲ್ಲಿಯೂ ಮಠಮಂದಿರಗಳ ಭಂಡಾರಗಳಲ್ಲಿಯೂ ಓಲೆಗರಿಯ ಕಟ್ಟುಗಳು ಇನ್ನೂ ಉಳಿದುಕೊಂಡಿರುವುದು ವಿದ್ವಾಂಸರಿಗೆ ತಿಳಿದ ಸಂಗತಿಯೇ ಆಗಿದೆ. ಕೆಳದಿಯ ವಸ್ತುಸಂಗ್ರಹಾಲಯದಲ್ಲಿ ಅಂತಹ ಕಟ್ಟುಗಳು ಒಂದೆಡೆ ಸೇರಿವೆ. ಈ ಪ್ರಾಂತದ ಶಿಲಾಶಾಸನಗಳಾದರೋ ಬಿ. ಎಲ್. ರೈಸರ ಎಪಿಗ್ರಾಫಿಯಾ ಕರ್ನಾಟಿಕದ ಎಂಟನೆಯ ಸಂಪುಟದಲ್ಲಿ ಸೊರಬದ ಶಾಸನಗಳೊಡನೆ 1904ರಲ್ಲಿಯೇ ಅಚ್ಚಾದವು. ಈಚೆಗೆ ಊರೂರಿನ ಸಾಹಿತ್ಯಬಳಗಗಳೂ ಕಾಲೇಜುಗಳ ಅಧ್ಯಾಪಕರೂ ತಮ್ಮ ನೆರೆಹೊರೆಯ ಓಲೆಗಳನ್ನೂ ಶಾಸನಪಾಠಗಳನ್ನೂ ಹಾಡುಕತೆಗಳನ್ನೂ ಜಾಲತಾಣಗಳಲ್ಲಿ ಇರಿಸಿ ಎಲ್ಲರಿಗೂ ದೊರಕುವಂತೆ ಮಾಡಬೇಕೆಂದು ಉತ್ಸಾಹಪಡುತ್ತಿರುವುದು ಸಂತೋಷದ ವಿಷಯ. ಆದರೆ ಕಾರ್ಯಾರಂಭದಲ್ಲಿಯೇ ಒಂದು ಪ್ರಶ್ನೆ ಎದುರಾಗುತ್ತದೆ: ತಾಣವನ್ನು ಬೇರೆಯವರು ಮಾಡಿಟ್ಟಿರುವ ಸಿದ್ಧವ್ಯವಸ್ಥೆಯ ಮೇಲೆ ನಿಲ್ಲಿಸಬೇಕೆ, ಅಥವಾ ಬಲ್ಲವನೊಬ್ಬನಿಂದ ಮೊದಲಿನಿಂದ ಕಡೆಯವರೆಗೆ ಹೊಸದಾಗಿ ಬರೆಯಿಸಬೇಕೆ?

ಇದು ಯಂತ್ರಜ್ಞರ ಪ್ರಶ್ನೆ, ಪಂಡಿತರಿಗೂ ಸಾಹಿತ್ಯಾಧ್ಯಾಪಕರಿಗೂ ಇದರಲ್ಲಿ ಕೆಲಸವೇನು ಎಂದು ಕೇಳುವವರುಂಟು. ನಮ್ಮ ಅಭಿಪ್ರಾಯ ಹಾಗಲ್ಲ. ಇಂದು ಇದಕ್ಕೆ ಕೊಡುವ ಉತ್ತರದಿಂದಲೇ, ನಾವು ಕಷ್ಟಪಟ್ಟು ಸಂಪಾದಿಸಿದ ಪಾಠವು ಇಪ್ಪತ್ತು ವರ್ಷಗಳ ಮೇಲೆ ಓದಲು ಸಿಕ್ಕುವುದೋ ಇಲ್ಲವೋ, ಅದನ್ನು ಆಧಾರವಾಗಿ ಉಲ್ಲೇಖಿಸಿದವನ ಉಲ್ಲೇಖವು ನಿಲ್ಲುವುದೋ ಬೀಳುವುದೋ ಎಂಬುದು ನಿರ್ಧರಿತವಾಗುತ್ತದೆ. ಪಾಠವನ್ನು ಉಳಿಸುವುದು ಪಂಡಿತರ ಕೆಲಸವಾದರೆ ಈ ಪ್ರಶ್ನೆಯೂ ಅವರದೇ.

ಮೊದಲು ಪದಾರ್ಥನಿರ್ಣಯವಾಗಲಿ. ಜಾಲತಾಣವೆಂಬುದು ಹೊರಗಿನಿಂದ ಒಂದೇ ವಸ್ತುವಿನಂತೆ ತೋರಿದರೂ ಅದರಲ್ಲಿ ಮೂರು ಅಂಶಗಳಿವೆ. ಓದಲ್ಪಡುವ ಪಾಠ, ಚಿತ್ರ, ವಿವರಣೆಗಳು ಒಂದು. ಅವನ್ನು ಸ್ವೀಕರಿಸಿ, ಜೋಡಿಸಿ, ಕೇಳಿದವನ ಮುಂದೆ ಪುಟವಾಗಿ ಇಡುವ ಕೋಡು ಎರಡನೆಯದು. ಇವೆರಡೂ ನೆಲೆಸಿರುವ ಸರ್ವರ್ ಎಂಬ ಯಂತ್ರ ಮೂರನೆಯದು. ಓಲೆಗರಿಯ ಭಾಷೆಯಲ್ಲಿ ಹೇಳುವುದಾದರೆ ಗ್ರಂಥ, ಲಿಪಿಕಾರ, ಗರಿ ಎಂಬಂತೆ. ಕಂಟೆಂಟ್ ಮ್ಯಾನೇಜ್‌ಮೆಂಟ್ ಸಿಸ್ಟಂ ಎಂದು ಇಂಗ್ಲಿಷಿನಲ್ಲಿ ಕರೆಯಲ್ಪಡುವುದು ಈ ಎರಡನೆಯ ಅಂಶವನ್ನು ಸರ್ವಸಾಮಾನ್ಯವಾಗಿ ಮಾಡಿಟ್ಟ ರೂಪ. ಬರೆಯುವವನಿಗೆ ಒಂದು ಪ್ರವೇಶದ್ವಾರ, ತಿದ್ದುವವನಿಗೆ ಇನ್ನೊಂದು ಅಧಿಕಾರ, ಲೇಖನಗಳ ವರ್ಗೀಕರಣ, ಚಿತ್ರಗಳ ಭಂಡಾರ, ಹುಡುಕುವ ಸೌಕರ್ಯ ಮೊದಲಾದವು ಅದರಲ್ಲಿ ಮುಂಚೆಯೇ ಇರುತ್ತವೆ. ಕೋಡು ಬರೆಯಲು ಬಾರದವನೂ ತಾಣವನ್ನು ನಡೆಯಿಸಬಹುದು. 2001ರ ಡ್ರೂಪಲ್, 2002ರ ಮೀಡಿಯಾವಿಕಿ, 2003ರ ವರ್ಡ್‌ಪ್ರೆಸ್ ಇವು ಈ ಜಾತಿಯಲ್ಲಿ ಪ್ರಸಿದ್ಧವಾದವು, ಮೂರೂ ಬೆಲೆಯಿಲ್ಲದೆ ದೊರಕತಕ್ಕವು. ಜಗತ್ತಿನ ಜಾಲತಾಣಗಳಲ್ಲಿ ಐದರಲ್ಲಿ ಎರಡು ಪಾಲಿಗಿಂತ ಹೆಚ್ಚು ವರ್ಡ್‌ಪ್ರೆಸ್ ಒಂದರ ಮೇಲೆಯೇ ನಿಂತಿವೆಯೆಂದು ಗಣಿಸುವವರು ಹೇಳುತ್ತಾರೆ. ಇವನ್ನು ನಾವಿಲ್ಲಿ ಸಿದ್ಧವ್ಯವಸ್ಥೆಯೆಂದೂ, ಒಂದು ತಾಣಕ್ಕಾಗಿಯೇ ಹೊಸದಾಗಿ ಬರೆದ ಕೋಡನ್ನು ಸ್ವತಂತ್ರರಚನೆಯೆಂದೂ ಕರೆಯುತ್ತೇವೆ.

ವ್ಯಾಕರಣದಲ್ಲಿ ಉತ್ಸರ್ಗ, ಅಪವಾದಗಳೆಂಬ ವ್ಯವಸ್ಥೆಯಿದೆಯಷ್ಟೆ. ಸಾಮಾನ್ಯವಿಧಿಯು ಎಲ್ಲೆಲ್ಲಿಯೂ ಪ್ರವರ್ತಿಸುತ್ತದೆ. ವಿಶೇಷವಿಧಿಯು ತನಗೆ ಬೇರೆಲ್ಲಿಯೂ ಅವಕಾಶವಿಲ್ಲದ ಸ್ಥಳದಲ್ಲಿ ಮಾತ್ರ ಸಾಮಾನ್ಯವನ್ನು ಬಾಧಿಸುತ್ತದೆ. ಪ್ರಕೃತ ವಿಷಯಕ್ಕೂ ಇದೇ ಕ್ರಮವು ಸಲ್ಲುವುದೆಂದು ನಮ್ಮ ಪಕ್ಷ. ಸಿದ್ಧವ್ಯವಸ್ಥೆಯು ಉತ್ಸರ್ಗ, ಅದರಿಂದ ಸಾಧ್ಯವೇ ಆಗದ ಕಾರ್ಯವು ತಾಣದ ಪ್ರಾಣವಾಗಿರುವಲ್ಲಿ ಮಾತ್ರ ಸ್ವತಂತ್ರರಚನೆಯು ಅಪವಾದ. ಆದರೆ ಈ ಎರಡಕ್ಕೂ ಹಿಂದೆ ಇನ್ನೊಂದು ವಿಧಿಯಿದೆ. ಪಾಠವು ಎರಡರಲ್ಲಿ ಯಾವುದಕ್ಕೂ ಅಂಟಿಕೊಳ್ಳದೆ ಬೇರೆಯಾಗಿ ನಿಲ್ಲಬಲ್ಲುದಾಗಿರಬೇಕು. ಇದನ್ನು ಮರೆತವರಿಗೆ ಮೊದಲಿನ ಆಯ್ಕೆ ಯಾವುದಾದರೂ ಹಾನಿಯೇ.

ಉತ್ಸರ್ಗಪಕ್ಷದ ನಿದರ್ಶನಗಳು ನಮ್ಮ ಭಾಷೆಯಲ್ಲಿಯೇ ಇವೆ. 2005ರಲ್ಲಿ ಹರಿಪ್ರಸಾದ ನಾಡಿಗರು ಆರಂಭಿಸಿದ ಸಂಪದ ಎಂಬ ತಾಣವು ಡ್ರೂಪಲ್ಲಿನ ಮೇಲೆ ಕಟ್ಟಲ್ಪಟ್ಟಿತು. ಕಂಪ್ಯೂಟರಿನಲ್ಲಿ ಕನ್ನಡವನ್ನು ಬರೆಯುವುದೇ ಹಲವರಿಗೆ ಹೊಸತಾಗಿದ್ದ ಆ ಕಾಲದಲ್ಲಿ ಅಲ್ಲಿ ಲೇಖನ, ಅನುವಾದ, ಚರ್ಚೆಗಳು ಬೆಳೆಯುವುದಕ್ಕೆ, ಬರೆಯುವವರು ಕೋಡಿನ ಕಡೆಗೆ ನೋಡಬೇಕಾಗಿರಲಿಲ್ಲವೆಂಬುದು ಮುಖ್ಯ ಕಾರಣವೆಂದು ನಮಗೆ ತೋರುತ್ತದೆ. ಕನ್ನಡ ವಿಕಿಪೀಡಿಯವು 2003ರಿಂದ ಮೀಡಿಯಾವಿಕಿಯ ಮೇಲೆ ನಡೆಯುತ್ತಿದೆ; ಅಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ಲೇಖನಗಳು ಸೇರಿವೆ. ಅದೇ ವ್ಯವಸ್ಥೆಯ ಮೇಲೆ ನಿಂತ ವಿಕಿಸೋರ್ಸಿನ ಕ್ರಮವು ಪಾಠಶಾಲೆಗಳಲ್ಲಿ ಓದಿದವರಿಗೆ ವಿಶೇಷವಾಗಿ ಮೆಚ್ಚಿಕೆಯಾಗತಕ್ಕದ್ದು. ಒಂದು ಕಡೆ ಗ್ರಂಥದ ಪುಟದ ಚಿತ್ರ, ಮಗ್ಗುಲಲ್ಲಿ ಬೆರಳಚ್ಚಾದ ಪಾಠ. ತಿದ್ದದ ಪುಟಕ್ಕೆ ಕೆಂಪು ಗುರುತು. ಒಬ್ಬನು ಮೂಲದೊಡನೆ ಹೋಲಿಸಿ ತಿದ್ದಿದರೆ ಹಳದಿ. ಮತ್ತೊಬ್ಬನು ಪುನಃ ನೋಡಿ ಒಪ್ಪಿದರೆ ಹಸುರು. ಒಬ್ಬನೇ ಎರಡು ಸಲ ನೋಡಿ ಹಸುರು ಮಾಡುವಂತಿಲ್ಲ. ಮಾತೃಕೆಯನ್ನು ಒಬ್ಬನು ಓದುತ್ತ ಇನ್ನೊಬ್ಬನು ಪ್ರತಿಯನ್ನು ಹಿಡಿದು ಕೇಳುತ್ತ ಹೋಗುತ್ತಿದ್ದ ಹಳೆಯ ಶೋಧನಕ್ರಮವೇ ಇದಲ್ಲವೆ? ರೈಸರು 1927ರಲ್ಲಿ ತೀರಿಕೊಂಡರು. ಕರ್ತೃವಿನ ಮರಣಾನಂತರ ಅರವತ್ತು ವರ್ಷಗಳೆಂಬ ನಮ್ಮ ದೇಶದ ನಿಯಮದಂತೆ ಅವರ ಸಂಪುಟಗಳ ಮೇಲೆ ಕರ್ತೃಸ್ವಾಮ್ಯವು ಎಂದೋ ಮುಗಿದಿದೆ. ತೀರ್ಥಹಳ್ಳಿಯ ಒಂದು ಕಾಲೇಜಿನ ಕನ್ನಡ ತರಗತಿಯವರು ತಮ್ಮ ತಾಲೂಕಿನ ಶಾಸನಪಾಠಗಳನ್ನು ಈ ಕ್ರಮದಲ್ಲಿ ಶೋಧಿಸಬೇಕೆಂದರೆ ಹೊಸ ತಾಣವನ್ನು ಕಟ್ಟುವುದು ಹಾಗಿರಲಿ, ಕಾಸನ್ನೂ ಖರ್ಚುಮಾಡಬೇಕಾದ್ದಿಲ್ಲ.

ಮಲೆನಾಡಿನ ಸ್ಥಿತಿಯನ್ನು ನೋಡಿದರೂ ಉತ್ಸರ್ಗವೇ ಬಲವತ್ತರವಾಗಿ ಕಾಣುತ್ತದೆ. ಇಲ್ಲಿ ಇಂತಹ ಕಾರ್ಯಗಳೆಲ್ಲವೂ ಬಿಡುವಿನ ವೇಳೆಯವರಿಂದ ನಡೆಯತಕ್ಕವು. ಅಡಿಕೆಯ ಕೊಯ್ಲು ಸುಲಿತಗಳ ತಿಂಗಳುಗಳಲ್ಲಿ ಯಾರೂ ಸಿಕ್ಕುವುದಿಲ್ಲ. ಮಳೆಗಾಲದಲ್ಲಿ, ಮುಖ್ಯವಾಗಿ ಆಗುಂಬೆಯ ಸುತ್ತಿನ ಊರುಗಳಲ್ಲಿ, ವಿದ್ಯುತ್ತೂ ಇಲ್ಲ, ಮೊಬೈಲಿನ ಸಂಪರ್ಕವೂ ಇಲ್ಲವೆಂಬ ದಿನಗಳು ಅನೇಕ. ಕೋಡು ಬಲ್ಲ ಹುಡುಗನು ಊರಿನಲ್ಲಿರುವುದು ಪದವಿ ಮುಗಿಯುವವರೆಗೆ. ಅನಂತರ ಅವನು ಬೆಂಗಳೂರಿನವನು. ಅವನು ಹೋದಮೇಲೆ ಅವನ ಸ್ವತಂತ್ರರಚನೆಯನ್ನು ಅರ್ಥಮಾಡಿಕೊಳ್ಳುವವರು ಯಾರು? ಟೀಕೆಯಿಲ್ಲದ ಸೂತ್ರಗಳಂತೆ ಅದು ಉಳಿಯುತ್ತದೆ. ಸೂತ್ರಗಳಿಗಾದರೆ ಪರಂಪರೆಯಲ್ಲಿ ಭಾಷ್ಯಕಾರರು ಹುಟ್ಟುತ್ತಾರೆ, ಇದಕ್ಕೆ ಹುಟ್ಟುವುದಿಲ್ಲ. ಸಿದ್ಧವ್ಯವಸ್ಥೆಯಾದರೋ ಬಲ್ಲವನೊಬ್ಬನು ಹೋದರೆ ಮತ್ತೊಬ್ಬನು ಶಿವಮೊಗ್ಗದಲ್ಲಿಯೋ ಮಂಗಳೂರಿನಲ್ಲಿಯೋ ಸಿಕ್ಕುತ್ತಾನೆ.

ಆದಾಗ್ಯೂ ಸಿದ್ಧವ್ಯವಸ್ಥೆಯನ್ನು ನಿರ್ದೋಷವೆಂದು ಭಾವಿಸುವುದು ತಪ್ಪು. ಸರ್ವಸಾಮಾನ್ಯವಾಗಿರುವುದರಿಂದಲೇ ಅದರಲ್ಲಿ ಒಂದು ರಂಧ್ರವು ಕಂಡರೆ ಕಳ್ಳರಿಗೆ ಲಕ್ಷಾಂತರ ಮನೆಗಳ ಬಾಗಿಲು ಒಟ್ಟಿಗೆ ತೆರೆಯುತ್ತದೆ. 2014ರ ಅಕ್ಟೋಬರ್ 15ರಂದು ಡ್ರೂಪಲ್ಲಿನ ಏಳನೆಯ ಆವೃತ್ತಿಯಲ್ಲಿ ಅಂತಹ ರಂಧ್ರವೊಂದು ಪ್ರಕಟವಾಯಿತು. ಪ್ರಕಟಣೆಯಾದ ಏಳು ಗಂಟೆಗಳೊಳಗೆ ಸರಿಪಡಿಸದ ತಾಣಗಳನ್ನೆಲ್ಲ ಪರಹಸ್ತಗತವಾದುವೆಂದೇ ತಿಳಿಯತಕ್ಕದ್ದೆಂದು ಅದರ ರಕ್ಷಣಾಮಂಡಲಿಯವರು ಎರಡು ವಾರಗಳ ಮೇಲೆ ಸಾರಿದರು. ನಮ್ಮ ದೇಶದ ಕಾಲಮಾನದಲ್ಲಿ ಆ ಏಳು ಗಂಟೆಗಳೆಂದರೆ ರಾತ್ರಿ ಒಂಬತ್ತೂವರೆಯಿಂದ ಬೆಳಗಿನ ಜಾವ ನಾಲ್ಕೂವರೆಯವರೆಗೆ. ಊರಿನ ಬಳಗದ ಕಾರ್ಯದರ್ಶಿಯು ಮಲಗಿರುವ ಹೊತ್ತು. ಇನ್ನು ಅದೇ ಡ್ರೂಪಲ್ಲಿನ ಎಂಟನೆಯ ಆವೃತ್ತಿಯು 2015ರ ನವೆಂಬರಿನಲ್ಲಿ ಬಂದಾಗ ಒಳರಚನೆಯು ಎಷ್ಟು ಬದಲಾಗಿತ್ತೆಂದರೆ ಏಳರಿಂದ ಎಂಟಕ್ಕೆ ಹೋಗುವುದು ಹಳೆಯ ಮನೆಯನ್ನು ದುರಸ್ತಿಮಾಡಿದಂತಾಗದೆ ಹೊಸ ಮನೆಗೆ ಒಕ್ಕಲು ಹೋದಂತಾಯಿತು. ಹಣವಿದ್ದ ಸಂಸ್ಥೆಗಳು ಹೋದುವು, ಇಲ್ಲದವು ಹಳೆಯದರಲ್ಲಿಯೇ ಉಳಿದುವು. ಏಳನೆಯ ಆವೃತ್ತಿಯ ಪೋಷಣೆಯು ಹಲವು ಸಲ ಮುಂದೂಡಲ್ಪಟ್ಟು 2025ರ ಜನವರಿ 5ರಂದು ನಿಂತಿತು. ವರ್ಡ್‌ಪ್ರೆಸ್ಸಿನಲ್ಲಿಯೂ 2024ರಲ್ಲಿ ಅದರ ಪ್ರವರ್ತಕರಿಗೂ ಅದನ್ನವಲಂಬಿಸಿದ ಒಂದು ದೊಡ್ಡ ಉದ್ಯಮಕ್ಕೂ ವ್ಯಾಜ್ಯ ಹುಟ್ಟಿ, ಲಕ್ಷಾಂತರ ತಾಣಗಳು ಬಳಸುತ್ತಿದ್ದ ಒಂದು ಪ್ಲಗಿನ್ ಒಡೆತನದ ವಿವಾದಕ್ಕೆ ಸಿಕ್ಕಿತು. ಪರಾಶ್ರಯದ ಮನೆಯಲ್ಲಿ ಇಷ್ಟು ತೊಂದರೆ ಇದ್ದದ್ದೇ.

ಕನ್ನಡಕ್ಕೆ ವಿಶೇಷವಾದ ದೋಷಗಳು ಬೇರೆ. ಮೊದಲನೆಯದು ವಿಳಾಸದ್ದು. ಜಾಲದಲ್ಲಿ ಕನ್ನಡದ ಒಂದೊಂದು ಸಂಕೇತವೂ ವಿಳಾಸದಲ್ಲಿ ಸೇರುವಾಗ ಒಂಬತ್ತು ಚಿಹ್ನೆಗಳಾಗಿ ಬಿಚ್ಚಿಕೊಳ್ಳುತ್ತದೆ. ‘ತೀರ್ಥಹಳ್ಳಿ’ ಎಂಬ ಒಂದು ಪದದಲ್ಲಿ ವ್ಯಂಜನ, ಸ್ವರಚಿಹ್ನೆ, ಹಲಂತಗಳು ಸೇರಿ ಹತ್ತು ಸಂಕೇತಗಳು. ಆದುದರಿಂದ ತೊಂಬತ್ತು ಚಿಹ್ನೆಗಳು. ವರ್ಡ್‌ಪ್ರೆಸ್ ಲೇಖನದ ಶೀರ್ಷಿಕೆಯಿಂದ ವಿಳಾಸವನ್ನು ಮಾಡುವಾಗ ಇನ್ನೂರು ಚಿಹ್ನೆಗಳಿಗೆ ಕತ್ತರಿಸಿಬಿಡುತ್ತದೆ. ಎಂದರೆ ಕನ್ನಡಕ್ಕೆ ಇಪ್ಪತ್ತೆರಡು ಸಂಕೇತಗಳಷ್ಟೇ ಉಳಿಯುತ್ತವೆ. ‘ತೀರ್ಥಹಳ್ಳಿಯ ರಾಮೇಶ್ವರ’ ಎನ್ನುವಷ್ಟರಲ್ಲಿ ದಾರವು ಮುಗಿಯುತ್ತದೆ. ಇಂಗ್ಲಿಷಿನಲ್ಲಿ ಬರೆಯುವವನಿಗೆ ಈ ಅಡಚಣೆ ಎಂದೂ ಕಾಣಿಸಿಕೊಳ್ಳುವುದಿಲ್ಲವಾದ್ದರಿಂದ ಅದನ್ನು ನಿರ್ಮಿಸಿದವರಿಗೆ ಅದು ದೋಷವಾಗಿ ತೋರಲೇ ಇಲ್ಲ.

ಎರಡನೆಯದು ಹುಡುಕುವುದರದ್ದು. ಸಿದ್ಧವ್ಯವಸ್ಥೆಯು ಸಾಮಾನ್ಯವಾಗಿ ಕೊಟ್ಟ ಅಕ್ಷರಗಳ ಸರಣಿಯು ಎಲ್ಲಿ ಬಂದರೂ ಎತ್ತಿಕೊಡುತ್ತದೆ. ‘ಮರ’ವನ್ನು ಕೇಳಿದವನಿಗೆ ‘ಅಮರ’ನೂ ‘ಸ್ಮರಣೆ’ಯೂ ಬರುತ್ತವೆ. ‘ತಾವರೆ’ಯನ್ನು ಕೇಳಿದವನಿಗೆ ‘ಬೆಟ್ಟದಾವರೆ’ಯು ಬರುವುದೇ ಇಲ್ಲ, ಆದೇಶಸಂಧಿಯಿಂದ ತಕಾರವು ದಕಾರವಾಗಿರುವುದರಿಂದ. ಹಳಗನ್ನಡದ ಪಾಠವಾದರೆ ‘ಮಳೆ’ಯಿಂದ ‘ಮೞೆ’ಯನ್ನು ಕಾಣಲಾಗುವುದಿಲ್ಲ. ಸುದ್ದಿಯ ತಾಣಕ್ಕೆ ಇದು ಅಲ್ಪದೋಷ. ಶಬ್ದಪ್ರಯೋಗವನ್ನು ಅರಸಿ ಬಂದ ವಿದ್ವಾಂಸನಿಗಾದರೋ ಇದೇ ಸರ್ವಸ್ವ.

ಇಲ್ಲಿಯೇ ಅಪವಾದಕ್ಕೆ ಅವಕಾಶ. ವಚನಸಂಚಯವೆಂಬ ಕಾರ್ಯವನ್ನು ನೋಡಬಹುದು. ಇಪ್ಪತ್ತು ಸಾವಿರಕ್ಕೂ ಮೀರಿದ ವಚನಗಳನ್ನು ಒಂದೆಡೆ ಇರಿಸಿ, ಯಾವ ಪದವು ಯಾವ ವಚನಕಾರನಲ್ಲಿ ಎಷ್ಟು ಸಲ, ಯಾವ ಸಂದರ್ಭದಲ್ಲಿ ಬಂದಿದೆಯೆಂಬುದನ್ನು ಕಾಣಿಸುವುದೇ ಅದರ ಉದ್ದೇಶ. ಎಂದರೆ ಅದು ಒಂದು ಪದಪ್ರಯೋಗಕೋಶ. ಲೇಖನಗಳನ್ನು ಪ್ರಕಟಿಸುವುದಕ್ಕೆ ಹುಟ್ಟಿದ ಯಾವ ಸಿದ್ಧವ್ಯವಸ್ಥೆಯಲ್ಲಿಯೂ ಇದಕ್ಕೆ ಸ್ಥಳವಿರಲಿಲ್ಲ. ಅದಕ್ಕಾಗಿಯೇ ರಚಿಸಿದ ಕೋಡಿನಿಂದ ಅದು ನಡೆಯಿತು. ದಾಸಸಾಹಿತ್ಯಕ್ಕೂ ಅದೇ ಮಾದರಿಯು ವಿಸ್ತರಿಸಿತು. ಅಧ್ಯಾಪಕನೊಬ್ಬನು ತರಗತಿಯಲ್ಲಿ ‘ಬಯಲು’ ಎಂಬ ಶಬ್ದದ ಅರ್ಥವಿಕಾಸವನ್ನು ಹೇಳಬೇಕೆಂದರೆ ಹಿಂದೆ ಹದಿನೈದು ಸಂಪುಟಗಳನ್ನು ಮಗುಚಬೇಕಾಗಿತ್ತು.

ಇದಕ್ಕಿಂತಲೂ ಬೋಧಪ್ರದವಾದುದು ಅಳರ್ ಎಂಬ ಕನ್ನಡ-ಇಂಗ್ಲಿಷ್ ನಿಘಂಟಿನ ಸಂಗತಿ. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕೂಡಿಸಿದ, ಒಂದೂವರೆ ಲಕ್ಷದಷ್ಟು ಪದಗಳುಳ್ಳ ಆ ಸಂಗ್ರಹವು 2019ರಲ್ಲಿ ಕೈಲಾಸ್ ನಾಧ್ ಅವರ ಸಹಾಯದಿಂದ ಜಾಲದಲ್ಲಿ ಪ್ರಕಟವಾಯಿತು. ನಾಧ್ ಅವರು ಅದಕ್ಕೆ ಮುಂಚೆ ಓಳಂ ಎಂಬ ಮಲೆಯಾಳ ನಿಘಂಟಿನ ತಾಣವನ್ನು ನಡೆಯಿಸುತ್ತಿದ್ದವರು. ನಿಘಂಟಿಗೆ ಬೇಕಾದದ್ದು ಶೀರ್ಷಪದ, ಅರ್ಥ, ವ್ಯಾಕರಣಸಂಜ್ಞೆ, ಅವುಗಳ ಪರಸ್ಪರಸಂಬಂಧ. ಇವನ್ನು ಲೇಖನವೆಂಬ ಅಚ್ಚಿಗೆ ಸುರಿದರೆ ರೂಪವು ಕೆಡುತ್ತದೆ. ಆದುದರಿಂದ ಸ್ವತಂತ್ರರಚನೆಯೇ ಅಲ್ಲಿ ಯುಕ್ತವಾಯಿತು. ಆದರೆ ಅದನ್ನು ಒಂದು ತಾಣದ ಒಳಗುಟ್ಟಾಗಿ ಬಿಡದೆ, ಯಾವ ಭಾಷೆಯ ಯಾವ ನಿಘಂಟಿಗೂ ಹೊಂದತಕ್ಕ ಸಾಮಾನ್ಯಯಂತ್ರವಾಗಿ ಬಿಡಿಸಿ, ಕೋಡನ್ನೂ ಪದಸಂಗ್ರಹವನ್ನೂ ಬೇರೆಬೇರೆಯಾಗಿ ಎಲ್ಲರಿಗೂ ಮುಕ್ತವಾಗಿ ಕೊಟ್ಟರು. ಅಪವಾದವಾಗಿ ಹುಟ್ಟಿದ್ದು ಮತ್ತೊಂದು ಉತ್ಸರ್ಗವಾಯಿತು. ಇನ್ನು ಮುಂದೆ ಹವ್ಯಕಕನ್ನಡದ ಪದಕೋಶವನ್ನು ಸಾಗರ ಸೀಮೆಯಿಂದ ಯಾರಾದರೂ ಹೊರತರಲು ಬಯಸಿದರೆ, ಪುನಃ ಕೋಡು ಬರೆಯಿಸುವುದು ವೃಥಾಶ್ರಮ.

ಸ್ವತಂತ್ರರಚನೆಯ ಪಕ್ಷದವರು ಸಾಮಾನ್ಯವಾಗಿ ಹೇಳುವ ಹೇತುವೆಂದರೆ, ನಮ್ಮದು ನಮ್ಮ ಕೈಯಲ್ಲಿರುತ್ತದೆ, ಬೇರೆಯವರ ಆವೃತ್ತಿಬದಲಾವಣೆಗಳಿಂದ ನಮಗೆ ಬಾಧೆಯಿಲ್ಲ ಎಂಬುದು. ಈ ಹೇತುವು ಅಸಿದ್ಧ. ಸ್ವತಂತ್ರವೆಂದು ಕರೆದರೂ ಯಾವ ಕೋಡೂ ಒಂದು ಭಾಷೆಯಲ್ಲಿ ಬರೆಯಲ್ಪಟ್ಟಿರಬೇಕು, ಒಂದು ಡೇಟಾಬೇಸನ್ನು ಆಶ್ರಯಿಸಿರಬೇಕು. 2015ರ ಡಿಸೆಂಬರಿನಲ್ಲಿ ಪಿ.ಎಚ್.ಪಿ. ಎಂಬ ಭಾಷೆಯ ಏಳನೆಯ ಆವೃತ್ತಿಯು ಬಂದಾಗ, ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸಿನೊಡನೆ ಮಾತಾಡಲು ಅದುವರೆಗೆ ಬಳಕೆಯಲ್ಲಿದ್ದ ಹಳೆಯ ಆಜ್ಞೆಗಳನ್ನೆಲ್ಲ ತೆಗೆದುಹಾಕಿದರು. ಸಿದ್ಧವ್ಯವಸ್ಥೆಗಳು ಮುಂಚಿತವಾಗಿಯೇ ತಮ್ಮನ್ನು ತಿದ್ದಿಕೊಂಡಿದ್ದುವು. ಒಬ್ಬೊಬ್ಬರು ತಮ್ಮ ಊರಿಗೆಂದು ಬರೆದಿಟ್ಟ ತಾಣಗಳು, ಸರ್ವರಿನವರು ಹೊಸ ಆವೃತ್ತಿಗೆ ಹೋದ ದಿನ, ಬರಿಯ ಬಿಳಿಯ ಪುಟಗಳಾದುವು. ಬರೆದವನನ್ನು ಹುಡುಕಿ ಹಿಡಿಯುವುದೇ ಆಮೇಲಿನ ಕೆಲಸ. ಇನ್ನು ರಂಧ್ರಗಳ ಮಾತು: ಸ್ವತಂತ್ರರಚನೆಯಲ್ಲಿ ರಂಧ್ರಗಳಿಲ್ಲವೆಂದಲ್ಲ, ಅವನ್ನು ಪ್ರಕಟಿಸುವವರಿಲ್ಲವೆಂದಷ್ಟೇ.

ಈ ಪ್ರಾಂತಕ್ಕೆ ನೇರವಾಗಿ ಸಂಬಂಧಿಸಿದ ಇನ್ನೊಂದು ಸಂಗತಿಯನ್ನು ಹೇಳುವುದು ಆವಶ್ಯಕ. ನಮ್ಮ ಓಲೆಗಳಲ್ಲಿ ಅನೇಕವು ತಿಗಳಾರಿ ಲಿಪಿಯವು. 2024ರ ಸೆಪ್ಟೆಂಬರಿನಲ್ಲಿ ಹೊರಬಂದ ಯೂನಿಕೋಡಿನ ಹದಿನಾರನೆಯ ಆವೃತ್ತಿಯಲ್ಲಿ ತುಳು-ತಿಗಳಾರಿ ಎಂಬ ಹೆಸರಿನಿಂದ ಆ ಲಿಪಿಗೆ ಸ್ಥಾನ ದೊರೆಯಿತು. 1991ರ ಮೊದಲನೆಯ ಆವೃತ್ತಿಯಲ್ಲಿಯೇ ಸೇರಿದ್ದ ಕನ್ನಡವು ಹಳೆಯ ಕೇರಿಯಲ್ಲಿ ಮನೆಮಾಡಿದೆ; ಅದರ ಒಂದು ಸಂಕೇತಕ್ಕೆ ಕಂಪ್ಯೂಟರಿನಲ್ಲಿ ಸಾಮಾನ್ಯವಾಗಿ ಮೂರು ಬೈಟುಗಳು. ಈಗ ಬಂದ ತಿಗಳಾರಿಗೆ ದೂರದ ಕೇರಿ. ಒಂದು ಸಂಕೇತಕ್ಕೆ ನಾಲ್ಕು ಬೈಟುಗಳು. ಮೈಎಸ್‌ಕ್ಯೂಎಲ್ಲಿನಲ್ಲಿ ಬಹುಕಾಲ ಬಳಕೆಯಲ್ಲಿದ್ದ ಯೂನಿಕೋಡಿನ ಕೋಷ್ಠಕವು ಮೂರು ಬೈಟುಗಳಿಗಿಂತ ಹೆಚ್ಚಿನದನ್ನು ಹಿಡಿಸಲಾರದು. ಅಂತಹ ಕೋಷ್ಠಕಕ್ಕೆ ತಿಗಳಾರಿಯ ಒಂದು ಅಕ್ಷರವನ್ನು ಕೊಟ್ಟರೆ ಅದು ತಿರಸ್ಕರಿಸುತ್ತದೆ, ಅಥವಾ ಆ ಅಕ್ಷರದಿಂದ ಮುಂದಿನ ಪಾಠವನ್ನೆಲ್ಲ ಸದ್ದಿಲ್ಲದೆ ನುಂಗುತ್ತದೆ. ಎರಡನೆಯದೇ ಭಯಂಕರ. ವರ್ಡ್‌ಪ್ರೆಸ್ 2015ರ ಏಪ್ರಿಲಿನಲ್ಲಿಯೇ ನಾಲ್ಕು ಬೈಟುಗಳ ಕೋಷ್ಠಕಕ್ಕೆ ಬದಲಾಯಿಸಿಕೊಂಡಿತು. ಹದಿನೈದು ವರ್ಷಗಳ ಹಿಂದೆ ಯಾರೋ ಬರೆದಿಟ್ಟ ಸ್ವತಂತ್ರರಚನೆಯಲ್ಲಿ ಯಾವ ಕೋಷ್ಠಕವಿದೆಯೆಂದು ತಿಳಿಯುವುದಕ್ಕೆ ಅದನ್ನು ಬಿಚ್ಚಿ ನೋಡಬೇಕು. ಓಲೆಗಳ ತಾಣವನ್ನು ಕಟ್ಟುವವರು, ಕಟ್ಟಿಕೊಡುವವನನ್ನು ಮೊದಲು ಕೇಳತಕ್ಕ ಪ್ರಶ್ನೆಗಳಲ್ಲಿ ಇದೊಂದು. ಮುಖಪುಟದಲ್ಲಿ ಚಿತ್ರಗಳು ತಾವಾಗಿ ಸರಿಯುತ್ತಿರಬೇಕೆ ಎಂಬುದರ ಮೇಲೆ ಮೂರು ಸಭೆಗಳನ್ನು ನಡೆಯಿಸಿ, ಈ ಪ್ರಶ್ನೆಯನ್ನು ಒಮ್ಮೆಯೂ ಕೇಳದ ಬಳಗಗಳು ಇಲ್ಲದಿಲ್ಲ.

ಇನ್ನು ನಾವು ಮೊದಲು ಹೇಳಿದ ವಿಧಿಗೆ, ಎಂದರೆ ಪಾಠದ ಪ್ರತ್ಯೇಕತೆಗೆ ಬರೋಣ. ಯೂನಿಕೋಡಿಗೆ ಮುಂಚೆ ಒಂದೊಂದು ಅಕ್ಷರಮಾದರಿಗೆ ಒಂದೊಂದು ಸಂಕೇತಕ್ರಮವಿದ್ದ ಕಾಲದಲ್ಲಿ ಬೆರಳಚ್ಚಾದ ಕನ್ನಡದ ಬರವಣಿಗೆಯನ್ನು, ಆ ಅಕ್ಷರಮಾದರಿಯಿಲ್ಲದ ಯಂತ್ರದಲ್ಲಿ ತೆರೆದು ನೋಡಿದವರಿಗೆ ಇದರ ಮರ್ಮವನ್ನು ವಿವರಿಸಬೇಕಾದ್ದಿಲ್ಲ. ಪಾಠವು ಅಲ್ಲಿಯೇ ಇರುತ್ತದೆ. ಆದರೆ ರೋಮನ್ ಅಕ್ಷರಗಳ ಕಸದ ರಾಶಿಯಾಗಿರುತ್ತದೆ. ಇದಕ್ಕೆ ಪ್ರತಿಯಾಗಿ ಸಂಸ್ಕೃತ ಡಾಕ್ಯುಮೆಂಟ್ಸ್ ಎಂಬ ಪ್ರಸಿದ್ಧ ಸಂಗ್ರಹವು ಕಳೆದ ಶತಮಾನದ ಕೊನೆಯ ದಶಕದಿಂದ ತನ್ನ ಸ್ತೋತ್ರಗಳನ್ನೂ ಗ್ರಂಥಗಳನ್ನೂ ಐಟ್ರಾನ್ಸ್ ಎಂಬ ಸರಳವಾದ ರೋಮನ್ ಲಿಪ್ಯಂತರಣದಲ್ಲಿ ಬರಿಯ ಪಾಠಕಡತಗಳಾಗಿ ಇಟ್ಟುಕೊಂಡಿತು. ನಾಗರಿಯೋ ಕನ್ನಡವೋ, ಯಾವ ಲಿಪಿಯಲ್ಲಿ ತೋರಿಸಬೇಕೋ ಅದನ್ನು ಆ ಮೂಲದಿಂದ ಹುಟ್ಟಿಸಿಕೊಂಡಿತು. ಜಾಲದ ಬಟ್ಟೆಬರೆಗಳು ಎಷ್ಟು ಸಲ ಬದಲಾದರೂ ಮೂಲವು ಕದಲಲಿಲ್ಲ. ಓಲೆಯ ಗ್ರಂಥಗಳು ನಮ್ಮವರೆಗೆ ಬಂದಿರುವುದೂ ಹೀಗೆಯೇ. ಗರಿಯು ಗಟ್ಟಿಯಾಗಿದ್ದುದರಿಂದ ಬಂದದ್ದು ಸ್ವಲ್ಪ. ಯಾವ ಲಿಪಿಕಾರನು ಬೇಕಾದರೂ ಬೇರೆ ಗರಿಗೆ ಎತ್ತಿಕೊಳ್ಳಬಹುದಾಗಿದ್ದುದರಿಂದ ಬಂದದ್ದೇ ಬಹಳ.

ಪ್ರತ್ಯೇಕತೆಯೊಡನೆ ಸ್ಥಿರವಾದ ಸಂಖ್ಯೆಯೂ ಬೇಕು. ಹೊಂಬುಜದ ಪಂಚಕೂಟಬಸದಿಯ 1077ರ ಸಾಂತರಶಾಸನವನ್ನು ವಿದ್ವಾಂಸರು ಇಂದಿಗೂ ಎಂಟನೆಯ ಸಂಪುಟದ ನಗರ 35 ಎಂದು ಉಲ್ಲೇಖಿಸುತ್ತಾರೆ. ರೈಸರ ಸಂಪುಟದಲ್ಲಿ ತಾಲೂಕಿನ ಹೆಸರು ನಗರ. ಇಂದು ಅದು ಹೊಸನಗರ. ಊರಿನ ಹೆಸರನ್ನು ಹುಂಚ ಎಂದೂ ಹೊಂಬುಜ ಎಂದೂ ಬರೆಯುತ್ತಾರೆ. ಇಷ್ಟಾದರೂ ಆ ಸಂಖ್ಯೆಯನ್ನು ಹಿಡಿದು ಹೋದವನಿಗೆ ಶಾಸನವು ಸಿಕ್ಕದೆ ಹೋಗುವುದಿಲ್ಲ. ಹೆಸರಿನ ತಪ್ಪು ಬೇರೆ, ವಿಳಾಸದ ತಪ್ಪು ಬೇರೆ ಎಂಬುದಕ್ಕೆ ಯೂನಿಕೋಡಿನಲ್ಲಿಯೇ ವಿನೋದಕರವಾದ ಉದಾಹರಣೆಯಿದೆ. ನಮ್ಮ ೞಕಾರಕ್ಕೆ ಅಲ್ಲಿ ಪ್ರಮಾದದಿಂದ ‘ಫ’ ಎಂಬ ಅರ್ಥದ ಹೆಸರು ಬಿದ್ದಿದೆ. ಒಮ್ಮೆ ಕೊಟ್ಟ ಹೆಸರನ್ನು ಬದಲಾಯಿಸಕೂಡದೆಂಬುದು ಅವರ ನಿಯಮವಾದ್ದರಿಂದ, ಹೆಸರನ್ನು ಹಾಗೆಯೇ ಬಿಟ್ಟು, ಸರಿಯಾದ ಇನ್ನೊಂದು ಹೆಸರನ್ನು ಪಕ್ಕದಲ್ಲಿ ಸೇರಿಸಿ, ತಿದ್ದುಪಾಟನ್ನು ಪ್ರಕಟಿಸಿದರು. ನಮ್ಮ ಕೇಶಿರಾಜನು ಕೇಳಿದ್ದರೆ ಏನೆನ್ನುತ್ತಿದ್ದನೋ! ಆದರೂ ಅಕ್ಷರದ ಸಂಖ್ಯೆಯು ಕದಲಲಿಲ್ಲವಾಗಿ ಹಳಗನ್ನಡದ ಒಂದು ಪಾಠವೂ ಕೆಡಲಿಲ್ಲ.

ಇಷ್ಟನ್ನು ವಿಚಾರಿಸಿದಮೇಲೆ, ಈ ಮೂರು ತಾಲೂಕುಗಳ ಓಲೆಗಳಿಗಾಗಿ ಒಂದು ಬಳಗವು ತಾಣವನ್ನು ತೆರೆಯುವುದಾದರೆ ಹೇಗೆ ನಡೆಯಬೇಕೆಂಬುದನ್ನು ಊಹಿಸುವುದು ಕಷ್ಟವಲ್ಲ. ಓಲೆಯೊಂದೊಂದರ ವಿವರವನ್ನು ಮೊದಲು ಯಾವ ತಾಣದ ಹಂಗೂ ಇಲ್ಲದ ಸರಳವಾದ ಕೋಷ್ಠಕದಲ್ಲಿ ಬರೆದುಕೊಳ್ಳತಕ್ಕದ್ದು: ಗ್ರಂಥನಾಮ, ಕರ್ತೃ, ಲಿಪಿ, ಭಾಷೆ, ಗರಿಗಳ ಸಂಖ್ಯೆ, ಪಂಕ್ತಿಗಳು, ಆದ್ಯಂತವಾಕ್ಯಗಳು, ಲಿಪಿಕಾರನ ಪ್ರಶಸ್ತಿ, ಈಗಿರುವ ಮನೆ. ಒಂದೊಂದಕ್ಕೆ ಒಂದೊಂದು ಸಂಖ್ಯೆ, ಎಂದೆಂದಿಗೂ ಅದೇ. ಕಟ್ಟು ಮನೆಯಿಂದ ಮನೆಗೆ ಹೋದರೂ, ಗ್ರಂಥನಾಮವು ತಪ್ಪೆಂದು ಮುಂದೆ ತಿಳಿದರೂ ಸಂಖ್ಯೆಯನ್ನು ಬದಲಾಯಿಸಲಾಗದು. ಸಂಖ್ಯೆಯನ್ನು ಅಂಕಿಗಳಲ್ಲಿಯೇ ವಿಳಾಸದಲ್ಲಿ ಸೇರಿಸಿದರೆ ಇನ್ನೂರು ಚಿಹ್ನೆಗಳ ಕತ್ತರಿಯ ಭಯವೂ ಇಲ್ಲ. ಪಾಠಗಳು ಪ್ರತ್ಯೇಕ ಕಡತಗಳಲ್ಲಿ, ಯೂನಿಕೋಡಿನಲ್ಲಿ. ಈ ಮೂಲದ ಮೂರು ಪ್ರತಿಗಳು ಮೂರು ಕಡೆ ಇರಲಿ. ಒಂದಾದರೂ ಊರಿನ ಹೊರಗೆ. ಇದರ ಮೇಲೆ ಓದುಗರಿಗೆ ತೋರಿಸುವ ಭಾಗಕ್ಕೆ ಸಿದ್ಧವ್ಯವಸ್ಥೆಯು ಸಾಕು. ಪದಪ್ರಯೋಗಗಳ ಹುಡುಕಾಟವೋ, ಒಂದೇ ಗ್ರಂಥದ ನಾಲ್ಕು ಮಾತೃಕೆಗಳ ಪಾಠಾಂತರಗಳನ್ನು ಎದುರೆದುರಾಗಿ ಕಾಣಿಸುವುದೋ ಬೇಕಾದಾಗ, ಆ ಒಂದು ಅಂಗವನ್ನು ಮಾತ್ರ ಬರೆಯಿಸಿಕೊಳ್ಳಬಹುದು. ಅದು ಮೂಲಕಡತಗಳನ್ನು ಓದುವಂತಿರಲಿ, ತಿದ್ದುವಂತಿರಬಾರದು. ಹಾಗಿದ್ದರೆ ಅದು ಕೆಟ್ಟುನಿಂತ ದಿನವೂ ಪಾಠಕ್ಕೆ ಹಾನಿಯಿಲ್ಲ.

ಸಿದ್ಧವ್ಯವಸ್ಥೆಯನ್ನು ಆರಿಸುವಾಗ ಒಂದು ವಿಷಯವನ್ನು ಪರೀಕ್ಷಿಸಿಕೊಳ್ಳಬೇಕು. ಮಲೆನಾಡಿನ ಕೆಲವು ಮನೆಯವರು ಓಲೆಯನ್ನು ನೋಡಲು ಕೊಟ್ಟರೂ ಚಿತ್ರವನ್ನು ಲೋಕಕ್ಕೆ ತೋರಿಸಲು ಒಪ್ಪುವುದಿಲ್ಲ. ಮಂತ್ರಶಾಸ್ತ್ರದ್ದೆಂಬ ಕಾರಣದಿಂದಲೋ, ಆಸ್ತಿಪಾಲಿನ ಕರಾರುಗಳು ಅದೇ ಕಟ್ಟಿನಲ್ಲಿವೆಯೆಂಬ ಕಾರಣದಿಂದಲೋ ಅವರ ಸಂಕೋಚವು ನ್ಯಾಯವಾದದ್ದೇ. ವಿವರವು ಎಲ್ಲರಿಗೂ, ಚಿತ್ರವು ಅನುಮತಿ ಪಡೆದವರಿಗೆ ಮಾತ್ರ ಎಂಬ ಭೇದವನ್ನು ಡ್ರೂಪಲ್ಲಿನಲ್ಲಿ ಸುಲಭವಾಗಿ ಮಾಡಬಹುದು, ವರ್ಡ್‌ಪ್ರೆಸ್ಸಿನಲ್ಲಿ ಪ್ಲಗಿನ್ ಬೇಕು, ಎಲ್ಲವೂ ತೆರೆದಿರಬೇಕೆಂಬ ಉದ್ದೇಶದಿಂದಲೇ ಹುಟ್ಟಿದ ಮೀಡಿಯಾವಿಕಿಯಲ್ಲಿ ಇದು ಕಷ್ಟಸಾಧ್ಯ. ಆದುದರಿಂದ ಮುದ್ರಿತಶಾಸನಗಳಿಗೆ ವಿಕಿಸೋರ್ಸನ್ನು ಹೊಗಳಿದ ನಾವೇ ಮನೆಮನೆಯ ಓಲೆಗಳಿಗೆ ಅದನ್ನು ಹೇಳಲಾರೆವು.

ಕೊನೆಯದಾಗಿ ತಾಣದ ಹೆಸರಿನ ಮಾತು. ಡೊಮೈನ್ ಎಂದು ಕರೆಯುವ ಈ ಹೆಸರನ್ನು ಹಣಕೊಟ್ಟು ಕೊಳ್ಳುವುದಿಲ್ಲ, ಅವಧಿಗೆ ಗೇಣಿಗೆ ಹಿಡಿಯುವುದು. ಒಂದೇ ಸಲಕ್ಕೆ ಹತ್ತು ವರ್ಷಗಳವರೆಗೆ ಹಿಡಿಯಬಹುದು. ಉತ್ಸಾಹಿಯಾದ ತರುಣನು ತನ್ನ ಹೆಸರಿನಲ್ಲಿ, ತನ್ನ ಈಮೇಲಿಗೆ, ತನ್ನ ಕಾರ್ಡಿನಿಂದ ಅದನ್ನು ಹಿಡಿಯುವುದು ಲೋಕರೂಢಿ. ಅವನು ಊರು ಬಿಟ್ಟು, ಈಮೇಲನ್ನೂ ಬದಲಾಯಿಸಿ, ಗಡುವಿನ ಎಚ್ಚರಿಕೆಗಳು ಯಾರೂ ತೆರೆಯದ ಪೆಟ್ಟಿಗೆಗೆ ಬಿದ್ದು, ಹೆಸರು ಜೂಜಿನ ಜಾಹೀರಾತಿನವರ ಪಾಲಾಗುವುದಕ್ಕೆ ಎರಡು ವರ್ಷಗಳು ಸಾಕು. ಗೇಣಿಯು ಸಂಸ್ಥೆಯ ಹೆಸರಿನಲ್ಲಿ, ಹತ್ತು ವರ್ಷಗಳಿಗೆ ಇರಲಿ. ಪಾಸ್‌ವರ್ಡನ್ನು ಇಬ್ಬರಾದರೂ ಬಲ್ಲವರಿರಲಿ, ಅವರಲ್ಲಿ ಒಬ್ಬರು ಊರಿನಲ್ಲಿಯೇ ನೆಲೆನಿಂತವರಾಗಿರಲಿ. ಗಡುವಿನ ದಿನಾಂಕವನ್ನು ಸಂಸ್ಥೆಯ ನಡವಳಿಯ ಪುಸ್ತಕದಲ್ಲಿ, ಕಟ್ಟಡದ ಕಂದಾಯದ ದಿನಾಂಕದ ಪಕ್ಕದಲ್ಲಿ ಬರೆದಿಡತಕ್ಕದ್ದು.